ಹತ್ತು ತಿಂಗಳು ಬಿದ್ದ ಮೇಲೆ: ಕಾರವಾರದ ಒಂದು ಜೂಡೋ ಕ್ಲಾಸಿನ ಬಗ್ಗೆ

ಈ ಕ್ಲಾಸಿಗೆ ಬೋರ್ಡಿಲ್ಲ. ಕಾಜುಬಾಗದ ಕಡೆ ಒಂದು ಸಭಾಭವನದ ಮಾಳಿಗೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರರಿಂದ ಏಳೂವರೆ ತನಕ ನಡೆಯುತ್ತದೆ. ಕೆಳಗೆ ನಿಂತರೆ ಮೇಲೆ ಯಾರೋ ತೆಂಗಿನಕಾಯಿ ಒಂದೊಂದಾಗಿ ನೆಲಕ್ಕೆ ಬಿಡುತ್ತಿದ್ದಾರೆ ಅನ್ನುವ ಹಾಗೆ ಧಪ್ ಧಪ್ ಸದ್ದು ಕೇಳುತ್ತದೆ. ಅದೇ ಗುರುತು. ಹೆಸರು ಗಿಸರು ನಾನು ಬರೆಯುವುದಿಲ್ಲ, ಯಾಕೆಂದರೆ ಮುಂದೆ ಸ್ವಲ್ಪ ಬೈಯುವುದೂ ಇದೆ.

ನನಗೆ ನಲವತ್ನಾಲ್ಕು. ಊರು ಶಿರಸಿಯಿಂದ ಒಳಗೆ, ತೋಟದ ಮನೆ. ಕಾರವಾರಕ್ಕೆ ಬಂದು ಹನ್ನೆರಡು ವರ್ಷ. ಕೆಲಸ ಇಡೀ ದಿನ ಕುರ್ಚಿ ಮೇಲೆ. ಹೋದ ಅಕ್ಟೋಬರಿನಲ್ಲಿ ಮಗನನ್ನು ಸೇರಿಸಲು ಹೋದದ್ದು, ನಾನು ಸೇರಲು ಅಲ್ಲ. ಮೊದಲ ವಾರ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಿದ್ದೆ. ಎರಡನೇ ವಾರ ಸರ್ ಬಂದು, "ಮೇಡಂ, ಸುಮ್ನೆ ಅಲ್ಲಿ ಕೂತು ಸೊಳ್ಳೆ ಹೊಡೆಯೋದಕ್ಕಿಂತ ಒಳಗೆ ಬನ್ನಿ" ಅಂದರು. ಹೋದೆ. ಮಗ ಡಿಸೆಂಬರಿನಲ್ಲಿ ಕ್ರಿಕೆಟ್ ಕೋಚಿಂಗ್ ಅಂತ ಬಿಟ್ಟುಹೋದ. ನಾನು ಉಳಿದೆ. ಅವನಿಗಾಗಿ ತಂದ ಡ್ರೆಸ್ಸು ಈಗಲೂ ಕಪಾಟಿನಲ್ಲಿದೆ, ಬೇಕಾದವರು ಕೇಳಿ, ಹನ್ನೊಂದು ವರ್ಷದ ಮಕ್ಕಳಿಗೆ ಆಗುತ್ತದೆ.

ಊರಲ್ಲಿ ಎಲ್ಲರೂ ಇದನ್ನು ಕರಾಟೆ ಕ್ಲಾಸು ಅಂತಲೇ ಕರೆಯುತ್ತಾರೆ. ಸರ್ ಕೂಡ ತಿದ್ದಿ ತಿದ್ದಿ ಸುಸ್ತಾಗಿ ಬಿಟ್ಟಿದ್ದಾರೆ. ಆದರೆ ಇದು ಜೂಡೋ. ಕರಾಟೆಯಲ್ಲಿ ಮುಖ್ಯವಾಗಿ ಕೈಕಾಲಿನಿಂದ ಹೊಡೆಯುವುದು, ತಡೆಯುವುದು. ಜೂಡೋದಲ್ಲಿ ಹೊಡೆಯುವುದು, ಒದೆಯುವುದು ಇಲ್ಲ. ಎದುರಿನವರ ಅಂಗಿಯ ಕಾಲರ್ ಮತ್ತು ತೋಳು ಹಿಡಿದು ಅವರ ಆಯ ತಪ್ಪಿಸಿ ಕೆಡವುವುದು, ಕೆಡವಿದ ಮೇಲೆ ಏಳದ ಹಾಗೆ ಅದುಮಿ ಹಿಡಿಯುವುದು. ನಮ್ಮ ಜಿಲ್ಲೆಯವರಿಗೆ ಹೇಳಬೇಕು ಅಂದರೆ ಹಳಿಯಾಳದ ಕುಸ್ತಿಗೆ ದಪ್ಪ ಅಂಗಿ ತೊಡಿಸಿದ ಹಾಗೆ. ಕುಸ್ತಿಯವರು ಇದನ್ನು ಒಪ್ಪಲಿಕ್ಕಿಲ್ಲ, ಇರಲಿ.

ಜಿಗೊರೊ ಕಾನೊ ಅನ್ನುವ ಜಪಾನಿ ಮೇಷ್ಟ್ರು ಇದನ್ನು 1882ರಲ್ಲಿ ಶುರುಮಾಡಿದರು. ಟೋಕಿಯೊದ ಒಂದು ದೇವಸ್ಥಾನದಲ್ಲಿ, ಹನ್ನೆರಡು ಚಾಪೆ ಹಿಡಿಸುವಷ್ಟು ಜಾಗದಲ್ಲಿ. ಅವರ ಚಾಪೆ ಒಂದೊಂದು ಸುಮಾರು ಆರು ಅಡಿ ಉದ್ದ, ಮೂರು ಅಡಿ ಅಗಲ. ಲೆಕ್ಕ ಹಾಕಿ ನೋಡಿ, ನಮ್ಮ ಊರ ಮನೆಯ ಜಗಲಿ ಅದಕ್ಕಿಂತ ದೊಡ್ಡದು. ಅಲ್ಲಿಂದ ಹೊರಟದ್ದು 1964ಕ್ಕೆ ಒಲಿಂಪಿಕ್ಸ್ ಸೇರಿತು. ಹೆಂಗಸರ ಜೂಡೋಗೆ ಪದಕ ಕೊಡಲು ಮಾತ್ರ 1992ರ ತನಕ ಕಾಯಿಸಿದರು. ಕರಾಟೆಯವರು ಕಟ್ಟುವ ಕಪ್ಪು ಬೆಲ್ಟಿನ ಪದ್ಧತಿ ಕೂಡ ಕಾನೊ ಅವರಿಂದಲೇ ಹೋದದ್ದು. ಇದನ್ನೆಲ್ಲ ಸರ್ ಪ್ರತಿ ಹೊಸಬರಿಗೂ ಒಂದು ಸಲ ಹೇಳುತ್ತಾರೆ. ನಾನು ಆರು ಸಲ ಕೇಳಿದ್ದೇನೆ.

ಈಗ ಕ್ಲಾಸಿನ ವಿಷಯ. ಸೇರಿದ ಮೊದಲ ಆರು ವಾರ ನನಗೆ ಕಲಿಸಿದ್ದು ಬೀಳುವುದು ಮಾತ್ರ. ಒಂದು ಪಟ್ಟೂ ಇಲ್ಲ. ಜಪಾನಿಯಲ್ಲಿ ಅದಕ್ಕೆ ಉಕೆಮಿ ಅನ್ನುತ್ತಾರೆ, ನಮ್ಮ ಕ್ಲಾಸಿನ ಮಕ್ಕಳು "ಬೀಳಾಟ" ಅನ್ನುತ್ತಾರೆ. ಮೊದಲು ಅಂಗಾತ ಮಲಗಿ ತಲೆ ಎತ್ತಿ ಎರಡೂ ಕೈಯಿಂದ ಮ್ಯಾಟಿಗೆ ಹೊಡೆಯುವುದು. ಆಮೇಲೆ ಕೂತಲ್ಲಿಂದ ಹಿಂದಕ್ಕೆ ಉರುಳುವುದು. ಆಮೇಲೆ ಕುಕ್ಕರಗಾಲಿನಿಂದ. ಕಡೆಗೆ ನಿಂತಲ್ಲಿಂದ. ಹಿಂದಕ್ಕೆ, ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಆಮೇಲೆ ಹೆಗಲ ಮೇಲೆ ಉರುಳಿ ಏಳುವುದು. ಒಂದು ಸಂಜೆಗೆ ಎಂಬತ್ತು ನೂರು ಸಲ. ಮನೆಗೆ ಬಂದು ಗಂಡನಿಗೆ "ಇವತ್ತು ನೂರು ಸಲ ಬಿದ್ದೆ" ಅಂದರೆ, "ಅದಕ್ಕೆ ಎಂಟುನೂರು ರೂಪಾಯಿ ಫೀಸಾ?" ಅಂದರು. ಆಗ ನನಗೂ ಅದೇ ಅನಿಸಿತ್ತು.

ಬೀಳುವುದರಲ್ಲಿ ಕಲಿಯಲು ಏನಿದೆ ಅಂತ ಕೇಳುತ್ತೀರಿ, ಅಲ್ವಾ? ಇದೆ. ಮೊದಲನೆಯದು ಗದ್ದ. ಗದ್ದ ಎದೆಗೆ ತಾಗಿರಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. "ಬೆಲ್ಟಿನ ಗಂಟು ನೋಡಿ" ಅಂತ ಸರ್ ಹೇಳುತ್ತಾರೆ, ಗಂಟು ನೋಡಿದರೆ ಗದ್ದ ತಾನಾಗಿ ಒಳಗೆ ಬರುತ್ತದೆ. ಎರಡನೆಯದು ಬೆನ್ನು, ಅದು ಮರದ ಹಲಗೆಯ ಹಾಗೆ ಅಲ್ಲ, ತೊಟ್ಟಿಲಿನ ತಳದ ಹಾಗೆ ಬಾಗಿರಬೇಕು. ಉಸಿರು ಹೊರಗೆ ಬಿಡಬೇಕು. ಇನ್ನು ಕೈ, ಇದೇ ಎಲ್ಲದಕ್ಕಿಂತ ಕಷ್ಟ. ಬೀಳುವಾಗ ಮನುಷ್ಯ ಏನು ಮಾಡುತ್ತಾನೆ? ಕೈ ಊರುತ್ತಾನೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಆ ಊರಿದ ಅಂಗೈ ಮೇಲೆ ಇಡೀ ಮೈಭಾರ ಬಂದಾಗ ಮಣಿಕಟ್ಟಿನ ಹತ್ತಿರ ಮೂಳೆ ಮುರಿಯುತ್ತದೆ. ಡಾಕ್ಟರುಗಳು ಇದಕ್ಕೆ ಕೋಲಿಸ್ ಫ್ರಾಕ್ಚರ್ ಅನ್ನುತ್ತಾರೆ, 1814ರಲ್ಲಿ ಅದನ್ನು ವಿವರಿಸಿ ಬರೆದ ಅಬ್ರಹಾಂ ಕೋಲಿಸ್ ಎಂಬ ಐರಿಷ್ ಸರ್ಜನ್ನನ ಹೆಸರು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದರಿಂದ ಹೆಂಗಸರಲ್ಲಿ ಜಾಸ್ತಿ. ಜೂಡೋದಲ್ಲಿ ಕೈ ಊರುವ ಬದಲು ಅಂಗೈಯಿಂದ ಮೊಣಕೈ ತನಕ ಇಡೀ ಕೈಯನ್ನು ಮೈಯಿಂದ ಸ್ವಲ್ಪ ದೂರ, ಓರೆಯಾಗಿ, ನೆಲಕ್ಕೆ ಪಟ್ಟಂತ ಬಡಿಯಲು ಕಲಿಸುತ್ತಾರೆ. ಪೆಟ್ಟು ಒಂದೇ ಕಡೆ ಕೂರದೆ ಹಂಚಿಹೋಗುತ್ತದೆ. ಮುಖ್ಯವಾಗಿ, ಕೈಗೆ ಬೇರೆ ಕೆಲಸ ಕೊಟ್ಟ ಹಾಗಾಗುತ್ತದೆ, ಅದು ಊರಲು ಹೋಗುವುದಿಲ್ಲ.

ಹೇಳಲು ಸುಲಭ. ನನಗೆ ಈ ಕೈ ಬಿಡಲು ಎರಡು ತಿಂಗಳು ಹಿಡಿಯಿತು. ನನ್ನ ಜೋಡಿ ಹನ್ನೆರಡು ವರ್ಷದ ಒಬ್ಬಳು ಹುಡುಗಿ, ಕೋಡಿಬಾಗದವಳು, ತೂಕ ನನ್ನ ಅರ್ಧ. ಅವಳು ಪ್ರತಿ ಸಲ ನನ್ನ ಮೇಲೆ ಬಗ್ಗಿ, "ಆಂಟಿ, ಕೈ! ಆಂಟಿ, ಗದ್ದ!" ಅಂತ ಕೂಗುತ್ತಿದ್ದಳು. ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸುವಾಗ ನಾನು ಇದೇ ದನಿಯಲ್ಲಿ ಕೂಗುತ್ತೇನೆ ಅಂತ ಆಗ ಗೊತ್ತಾಯಿತು.

ಮೊದಮೊದಲು ಇನ್ನೊಂದು ತೊಂದರೆ ಇತ್ತು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಯಾರಾದರೂ ಕಾಲರ್ ಹಿಡಿದರೆ ನನ್ನ ಉಸಿರೇ ನಿಂತುಹೋಗುತ್ತಿತ್ತು. ಆ ಪುಟ್ಟ ಹುಡುಗಿ ಹಿಡಿದರೂ. ನಮ್ಮ ಕಡೆ ದೊಡ್ಡವರಾದ ಮೇಲೆ ನಮ್ಮನ್ನು ಯಾರೂ ಗಟ್ಟಿಯಾಗಿ ಹಿಡಿಯುವುದೇ ಇಲ್ಲ, ಡಾಕ್ಟರು ನಾಡಿ ನೋಡಿದರೆ ಉಂಟು, ಬಸ್ಸಿನಲ್ಲಿ ಯಾರೋ ತಳ್ಳಿದರೆ ಉಂಟು, ಅಷ್ಟೇ. ಮೈ ಗಟ್ಟಿ ಹಿಡಿತವನ್ನೇ ಮರೆತುಬಿಟ್ಟಿರುತ್ತದೆ. ಹಾಗಾಗಿ ಹಿಡಿದ ಕೂಡಲೇ ತಲೆ ಖಾಲಿ. ಮೂರು ತಿಂಗಳಾದ ಮೇಲೆ ಒಂದು ದಿನ ಗಮನಿಸಿದೆ, ಅವಳು ಕಾಲರ್ ಹಿಡಿದಿದ್ದಾಳೆ, ನಾನು ಅವಳ ಕಾಲು ಎಲ್ಲಿದೆ ಅಂತ ನೋಡುತ್ತಿದ್ದೇನೆ. ಹೆದರಿಕೆ ಯಾವತ್ತು ಹೋಯಿತು ಗೊತ್ತಿಲ್ಲ. ಇದಕ್ಕೆ ಇಲ್ಲಿರುವ ಒಂದು ಸಣ್ಣ ಪದ್ಧತಿಯೂ ಕಾರಣ ಇರಬೇಕು. ಸಾಕು ಅನಿಸಿದರೆ ಎರಡು ಸಲ ತಟ್ಟಬೇಕು, ಎದುರಿನವರ ಮೈಗೋ ಮ್ಯಾಟಿಗೋ. ತಟ್ಟಿದ ಕೂಡಲೇ ಬಿಡಬೇಕು. ಯಾಕೆ, ಏನು ಅಂತ ಕೇಳುವ ಹಾಗಿಲ್ಲ. ಹತ್ತು ತಿಂಗಳಲ್ಲಿ ಒಬ್ಬರೂ ಇದನ್ನು ಮೀರಿದ್ದು ನಾನು ನೋಡಿಲ್ಲ, ಎಂಟು ವರ್ಷದ ಪೋಕರಿಗಳು ಕೂಡ.

ಆತ್ಮರಕ್ಷಣೆ ಅಂತ ಸೇರುವವರಿಗೆ ಒಂದು ಮಾತು. ಜನವರಿಯಲ್ಲಿ ಒಬ್ಬರು ಅಪ್ಪ ಮಗಳನ್ನು ಕರೆದುಕೊಂಡು ಬಂದು, "ಎಷ್ಟು ತಿಂಗಳಲ್ಲಿ ಇವಳು ಒಬ್ಬ ಗಂಡಸನ್ನು ಹೊಡೆದು ಹಾಕ್ತಾಳೆ?" ಅಂತ ಕೇಳಿದರು. ಸರ್, "ಓಡಲಿಕ್ಕೆ ಬರ್ತದಾ ಅವಳಿಗೆ? ಮೊದಲು ಅದು ಚೆನ್ನಾಗಿ ಬರಲಿ" ಅಂದರು. ಆ ಅಪ್ಪ ಮತ್ತೆ ಬರಲಿಲ್ಲ. ನನಗೆ ಸರ್ ಮೇಲೆ ನಂಬಿಕೆ ಬಂದದ್ದು ಆವತ್ತೇ. ಹತ್ತು ತಿಂಗಳು ಕಲಿತ ನಾನು ಒಬ್ಬ ದೊಡ್ಡ ಗಂಡಸನ್ನು ಕೆಡವುತ್ತೇನಾ? ಅವನು ಜೂಡೋ ಡ್ರೆಸ್ ಹಾಕಿಕೊಂಡು, ಮ್ಯಾಟಿನ ಮೇಲೆ ನಿಂತು, ಸ್ವಲ್ಪ ಸಹಕಾರ ಕೊಟ್ಟರೆ ಕೆಡವುತ್ತೇನೆ. ಇಲ್ಲದಿದ್ದರೆ ಇಲ್ಲ. ಮೂರು ತಿಂಗಳಲ್ಲಿ ಆತ್ಮರಕ್ಷಣೆ ಗ್ಯಾರಂಟಿ ಅಂತ ಪಾಂಪ್ಲೆಟ್ ಹಂಚುವವರನ್ನು ಕಂಡರೆ ದೂರ ಇರಿ.

ಬೇರೆ ಲಾಭಗಳು? ನಿದ್ದೆ ಚೆನ್ನಾಗಿ ಬರುತ್ತದೆ. ಕ್ಲಾಸಿದ್ದ ರಾತ್ರಿ ಹತ್ತಕ್ಕೆ ಬಿದ್ದರೆ ಬೆಳಿಗ್ಗೆ ಐದೂವರೆಗೆ ಎಚ್ಚರ. ನೆಲದಲ್ಲಿ ಕೂತವಳು ಈಗ ಕೈ ಊರದೆ ಏಳುತ್ತೇನೆ, ಹೋದ ವರ್ಷ ಆಗುತ್ತಿರಲಿಲ್ಲ. ತೂಕ ಇಳಿದದ್ದು ಎರಡೇ ಕೆಜಿ, ಅದೂ ಗಣಪತಿ ಹಬ್ಬಕ್ಕೆ ವಾಪಸ್ ಬರುವ ಲಕ್ಷಣ ಇದೆ. ಆಫೀಸಿನಲ್ಲಿ ಶಾಂತಳಾಗಿದ್ದೇನೆ, ಸಿಟ್ಟು ಕಡಿಮೆ ಆಗಿದೆ ಅಂತೆಲ್ಲ ಬರೆಯಬೇಕು ಅನಿಸುತ್ತದೆ, ಎಲ್ಲರೂ ಹಾಗೇ ಬರೆಯುತ್ತಾರೆ. ಸುಳ್ಳಾಗುತ್ತದೆ. ಮೊನ್ನೆ ಕೂಡ ಪ್ರಿಂಟರ್ ವಿಷಯಕ್ಕೆ ಜಗಳ ಆಡಿದ್ದೇನೆ.

ಇನ್ನು ಬೈಯುವ ಭಾಗ. ಮ್ಯಾಟು ಸಾಲದು. ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವ ಫೋಮ್ ಮ್ಯಾಟು, ಹಳೆಯದು, ಜೋಡಣೆ ಬಿಟ್ಟುಕೊಂಡಿದೆ. ಆ ಸಂದಿಯಲ್ಲಿ ಸಿಕ್ಕಿ ನನ್ನ ಕಿರುಬೆರಳು ಮಾರ್ಚಿನಲ್ಲಿ ಉಳುಕಿತು. ಹೇಳಿದ ಮೇಲೆ ಟೇಪು ಹಚ್ಚಿದರು, ಟೇಪು ಎರಡು ವಾರ ಬಂತು. ಮಕ್ಕಳು ಇಪ್ಪತ್ತೈದು, ದೊಡ್ಡವರು ಮೂರು ಜನ, ಎಲ್ಲರಿಗೂ ಒಬ್ಬರೇ ಸರ್. ಹಾಗಾಗಿ ದೊಡ್ಡವರ ಸರದಿ ಬರುವಾಗ ಏಳೂಕಾಲು. ಬಟ್ಟೆ ಬದಲಿಸಲು ಹೆಂಗಸರಿಗೆ ಜಾಗ ಇಲ್ಲ, ಮದುವೆ ಕುರ್ಚಿಗಳನ್ನು ಪೇರಿಸಿಟ್ಟ ಒಂದು ಕತ್ತಲೆ ಕೋಣೆ ಉಂಟು, ಚಿಲಕ ಇಲ್ಲ. ಕ್ಲಾಸು ಇಲ್ಲ ಅನ್ನುವ ಮೆಸೇಜು ಐದೂ ಐವತ್ತಕ್ಕೆ ಬರುತ್ತದೆ, ನಾವು ಮೆಟ್ಟಿಲು ಹತ್ತುವಾಗ. ಸಭಾಭವನದಲ್ಲಿ ಮದುವೆ ಇದ್ದರೆ ಆ ವಾರ ಪೂರ್ತಿ ರಜೆ, ಫೀಸು ಮಾತ್ರ ಪೂರ್ತಿ.

ಎಲ್ಲಕ್ಕಿಂತ ದೊಡ್ಡ ದೂರು ನವೆಂಬರಿನದು. ಸರ್ ಊರಲ್ಲಿ ಇರಲಿಲ್ಲ, ಅವರ ಬದಲಿಗೆ ಬಂದ ಹುಡುಗನೊಬ್ಬ ನನ್ನನ್ನು ಒಂದೇ ಸಲ ನಿಂತಲ್ಲಿಂದ ಹಿಂದಕ್ಕೆ ಬೀಳಲು ಹೇಳಿದ. ನಾನಿನ್ನೂ ಕುಕ್ಕರಗಾಲಿನ ಹಂತದಲ್ಲಿದ್ದೆ. ಬೇಡ ಅನ್ನಲು ನಾಚಿಕೆ, ಬಿದ್ದೆ, ಗದ್ದ ಮೇಲೆ ಹೋಯಿತು, ಕುತ್ತಿಗೆ ಹಿಡಿದುಕೊಂಡಿತು. ಒಂದು ವಾರ ತಲೆ ತಿರುಗಿಸಲು ಆಗದೆ ಇಡೀ ಮೈ ತಿರುಗಿಸಿ ಮಾತಾಡುತ್ತಿದ್ದೆ. ಸರ್ ವಾಪಸ್ ಬಂದ ಮೇಲೆ ಕ್ಷಮೆ ಕೇಳಿದರು, ಆ ಹುಡುಗ ಕೂಡ. ಆದರೆ ಇದು ಆಗಬಾರದಿತ್ತು. ನಲವತ್ತು ದಾಟಿದವರು ಸೇರುವುದಾದರೆ ಹಂತ ಹಾರಿಸಲು ಬಿಡಬೇಡಿ. ಬೆನ್ನು ಕುತ್ತಿಗೆಯ ತೊಂದರೆ ಇದ್ದರೆ, ಮೂಳೆ ಸವೆದಿದ್ದರೆ, ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಸರ್ ಅನ್ನು.

ಮತ್ತೆ ಡ್ರೆಸ್ಸು. ಜೂಡೋ ಅಂಗಿ ಕರಾಟೆ ಅಂಗಿಯ ಹಾಗೆ ತೆಳು ಅಲ್ಲ. ಎಳೆದಾಡುವಾಗ ಹರಿಯಬಾರದು ಅಂತ ದಪ್ಪ ಹತ್ತಿಯಲ್ಲಿ ನೇಯ್ದಿರುತ್ತಾರೆ, ಒದ್ದೆಯಾದರೆ ಒಂದು ಮಗುವಿನಷ್ಟು ಭಾರ. ನನ್ನದಕ್ಕೆ ಎರಡು ಸಾವಿರದ ಇನ್ನೂರು ಬಿತ್ತು, ಆನ್‌ಲೈನ್. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾರವಾರದಲ್ಲಿ ಇದನ್ನು ಒಣಗಿಸುವುದೇ ಒಂದು ಸಮರಕಲೆ. ಜೂನ್ ಹತ್ತರಿಂದ ನನ್ನ ಅಂಗಿ ಪೂರ್ತಿ ಒಣಗಿದ್ದೇ ಇಲ್ಲ. ಫ್ಯಾನಿನ ಕೆಳಗೆ ಮೂರು ದಿನ ಹಾಕಿದರೂ ಕಂಕುಳಲ್ಲಿ ತಂಪು, ಬೂಸಲು ವಾಸನೆ. ಒಮ್ಮೆ ಊರಿಗೆ ಒಯ್ದು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆ. ಗರಿಗರಿ ಒಣಗಿತು. ಸೋಮವಾರ ಕ್ಲಾಸಿನಲ್ಲಿ ಮಕ್ಕಳು, "ಆಂಟಿ, ಹೋಮ ಮಾಡಿ ಬಂದ್ರಾ?" ಅಂತ ಕೇಳಿದರು. ಮಳೆಗಾಲದಲ್ಲಿ ಸೇರುವವರು ಎರಡು ಜೊತೆ ಇಟ್ಟುಕೊಳ್ಳಿ, ಇಲ್ಲಾಂದ್ರೆ ಅಕ್ಟೋಬರ್ ತನಕ ಕಾಯಿರಿ.

ಚಳಿಗಾಲದಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ ಕ್ಲಾಸು, ಯುದ್ಧನೌಕೆ ಮ್ಯೂಸಿಯಮ್ಮಿನ ಆಚೆ. ನೋಡಲು ಚಂದ, ಕಲಿಯಲು ಅಷ್ಟೇನಿಲ್ಲ. ಮರಳು ಮೆತ್ತಗೆ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ, ನೀರು ಕುಡಿದ ಮರಳು ಸಿಮೆಂಟಿನ ಹಾಗೆ. ಜೊತೆಗೆ ಹುಬ್ಬಳ್ಳಿ ಕಡೆಯ ಪ್ರವಾಸಿಗರು ವಿಡಿಯೋ ಮಾಡುತ್ತಾರೆ.

ಇಷ್ಟೆಲ್ಲ ದೂರು ಇದ್ದೂ ನಾನು ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ಯಾಕೆ ಅಂದರೆ ಜುಲೈ ತಿಂಗಳು.

ಮಲೆನಾಡಿನ ಮಳೆಗಾಲದ ಅಂಗಳ ಕಂಡವರಿಗೆ ಗೊತ್ತು. ಚೀರೆಕಲ್ಲಿನ ಮೇಲೆ ಹಸಿರು ಪಾಚಿ ಹತ್ತಿ ಎಣ್ಣೆ ಸವರಿದ ಹಾಗೆ ಇರುತ್ತದೆ. ಓಡಾಡುವಲ್ಲಿ ಅಡಿಕೆ ಸೋಗೆ ಹಾಸಿರುತ್ತೇವೆ, ಆದರೂ ವರ್ಷಕ್ಕೆ ಒಬ್ಬರಾದರೂ ಬೀಳುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಅತ್ತೆ, ಅಪ್ಪಯ್ಯನ ತಂಗಿ, ಅದೇ ಅಂಗಳದಲ್ಲಿ ಬಿದ್ದು ಬಲಗೈ ಊರಿ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೂ ಬೆರಳು ಪೂರ್ತಿ ಮಡಚಲು ಬರದೆ, ದೋಸೆ ಹಿಟ್ಟು ಕಲಸುವುದನ್ನು ಬಿಟ್ಟೇಬಿಟ್ಟರು. ಈ ಜುಲೈನಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಬೆಳಿಗ್ಗೆ ಕೊಟ್ಟಿಗೆಯಿಂದ ಹಾಲಿನ ತಪ್ಪಲೆ ಹಿಡಿದು ಬರುತ್ತಿದ್ದೆ. ಮಳೆ ಜೋರು, ಕೊಡೆ ಇನ್ನೊಂದು ಕೈಯಲ್ಲಿ. ಸೋಗೆ ಒಂದು ಕಡೆ ಸರಿದಿತ್ತು, ಅಲ್ಲಿ ಕಾಲಿಟ್ಟೆ.

ಯೋಚನೆ ಮಾಡಲು ಹೊತ್ತೇ ಇರಲಿಲ್ಲ. ಗಂಟು ನೋಡಬೇಕು, ಕೈ ಬಡಿಯಬೇಕು ಅಂತ ಏನೂ ತಲೆಗೆ ಬರಲಿಲ್ಲ. ಪಟ್ ಅಂತ ಸದ್ದಾಯಿತು, ಅದು ನನ್ನ ಕೈ ಅಂತ ಆಮೇಲೆ ತಿಳಿಯಿತು. ಆಕಾಶ ನೋಡುತ್ತಾ ಮಲಗಿದ್ದೆ, ಗದ್ದ ಎದೆಗೆ ಅಂಟಿಕೊಂಡಿತ್ತು. ತಪ್ಪಲೆ ಉರುಳಿ ತುಳಸಿಕಟ್ಟೆಗೆ ಹೋಗಿ ನಿಂತಿತ್ತು. ಜಗಲಿಯಿಂದ ಆಯಿ, "ಎಂತ ಆತೇ ತಂಗಿ?" ಅಂತ ಕೂಗಿದಳು. "ಎಂತೂ ಇಲ್ಲೆ, ಹಾಲು ಹೋತು" ಅಂದೆ. ಎದ್ದೆ.

ಎಂತೂ ಇಲ್ಲೆ ಅನ್ನುವುದು ಪೂರ್ತಿ ನಿಜ ಅಲ್ಲ. ಕಲ್ಲು ಮ್ಯಾಟಲ್ಲ. ಮೊಣಕೈ ಸುಲಿದಿತ್ತು, ಸೊಂಟದ ಬಲಗಡೆ ಅಂಗೈಯಗಲ ನೀಲಿಗಟ್ಟಿ ಹತ್ತು ದಿನ ಇತ್ತು. ಅದೃಷ್ಟವೂ ಇರಬಹುದು, ಒಂದು ಬೀಳುವಿಕೆಯಿಂದ ದೊಡ್ಡ ಸಿದ್ಧಾಂತ ಕಟ್ಟುವುದಿಲ್ಲ. ಆದರೆ ಮಣಿಕಟ್ಟು ಎರಡೂ ಸರಿ ಇದ್ದವು, ತಲೆ ತಾಗಿರಲಿಲ್ಲ. ಮಧ್ಯಾಹ್ನ ಅತ್ತೆಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, ನನ್ನ ಬೀಳುವ ಕ್ಲಾಸಿನ ಬಗ್ಗೆ ಮೊದಲ ಸಲ ನಗದೆ, "ಫೀಸು ಎಷ್ಟೇ ಅದಕ್ಕೆ?" ಅಂತ ಕೇಳಿದರು.

ಎಂಟುನೂರು ಅಂದೆ. ತಿಂಗಳಿಗೆ ಹನ್ನೆರಡು ಕ್ಲಾಸು, ಮದುವೆ ಇಲ್ಲದಿದ್ದರೆ.

ಬೇರೆ ಊರಲ್ಲಿ ಹುಡುಕುವವರಿಗೆ ಒಂದು ಸಲಹೆ, ಕರಾಟೆಯೋ ಜೂಡೋವೋ ಟೇಕ್ವಾಂಡೋವೋ, ಯಾವುದೇ ಇರಲಿ, ಸೇರುವ ಮೊದಲು ಒಂದು ಸಂಜೆ ಸುಮ್ನೆ ಕೂತು ನೋಡಿ. ಹೊಸಬರಿಗೆ ಮೊದಲು ಏನು ಕಲಿಸುತ್ತಾರೆ ನೋಡಿ. ಮಗು ಅತ್ತರೆ ಸರ್ ಏನು ಮಾಡುತ್ತಾರೆ ನೋಡಿ, ಗೋಡೆ ಮೇಲಿನ ಕಪ್‌ಗಳನ್ನು ನೋಡಬೇಡಿ. ನೆಲವನ್ನು ಕೈಯಿಂದ ಒತ್ತಿ ನೋಡಿ. ನಮ್ಮಲ್ಲಿ ಒತ್ತಿ ನೋಡಿದರೆ ನಿಮಗೆ ಸ್ವಲ್ಪ ಬೇಜಾರಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹೊಸ ಮ್ಯಾಟು ದೀಪಾವಳಿಯ ಒಳಗೆ ಬರುತ್ತದೆ ಅಂತ ಸರ್ ಹೇಳಿದ್ದಾರೆ. ಯಾವ ವರ್ಷದ ದೀಪಾವಳಿ ಅಂತ ಕೇಳಿದ್ದೇನೆ, ಉತ್ತರ ಬಂದಿಲ್ಲ.

ಬರುವ ಭಾನುವಾರ ಹಳದಿ ಬೆಲ್ಟಿನ ಪರೀಕ್ಷೆ. ಅದಕ್ಕೆ ಬೇರೆ ಆರುನೂರು ರೂಪಾಯಿ, ಸರ್ಟಿಫಿಕೇಟಿಗೆ ನೂರೈವತ್ತು. ಬೆಲ್ಟು ಅಂದರೆ ಒಂದೂವರೆ ಇಂಚು ಅಗಲದ ಬಟ್ಟೆ ಪಟ್ಟಿ. ಜಾಸ್ತಿ ಆಯಿತು ಅಂತ ಸರ್ ಎದುರಿಗೇ ಹೇಳಿದೆ. ಆ ಕೋಡಿಬಾಗದ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದವಳು, "ಆಂಟಿ, ನೀವು ಬರದಿದ್ರೆ ನಾನು ಯಾರನ್ನ ಕೆಡವೋದು?" ಅಂದಳು. ದುಡ್ಡು ಕಟ್ಟಿ ಬಂದಿದ್ದೇನೆ. ಅಂಗಿ ಈಗ ಫ್ಯಾನಿನ ಕೆಳಗಿದೆ, ಇವತ್ತು ಗುರುವಾರ.